ಆಂಪ್ಲಿಫೈಯರ್ ಡಿಸ್ಟಾರ್ಷನ್ ಮತ್ತು ಮನೆಯಲ್ಲಿ ಹಾಡು ಕೇಳುವ ಸುಖ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನಿರುವುದು ಧಾರವಾಡದಲ್ಲಿ. ಹೊಟ್ಟೆಪಾಡಿನ ಕೆಲಸ ಬೇರೆ, ಆದರೆ ಭಾನುವಾರ ಬಂತೆಂದರೆ ಟೇಬಲ್ ಮೇಲೆ ಸೋಲ್ಡರಿಂಗ್ ಐರನ್ ಬಿಸಿಯಾಗುತ್ತದೆ. ಗುರುತಿನವರು ಹಳೇ ಆಂಪ್ಲಿಫೈಯರ್ ಹೊತ್ತು ತರುತ್ತಾರೆ, ಜೊತೆಗೆ ಒಂದೆರಡು ಪ್ರಶ್ನೆಗಳನ್ನೂ ತರುತ್ತಾರೆ. ಹುಬ್ಬಳ್ಳಿಯವರದ್ದೂ ಅದೇ ಪ್ರಶ್ನೆ, ಗದಗಿನವರದ್ದೂ ಅದೇ ಪ್ರಶ್ನೆ. ಹೇಳಿದ್ದನ್ನೇ ಹೇಳಿ ಬಾಯಿ ನೋಯಿಸಿಕೊಳ್ಳುವ ಬದಲು ಬರೆದಿಟ್ಟರಾಯಿತು ಅನ್ನಿಸಿತು. ಕೇಳಿದವರ ಮಾತನ್ನು ತಿದ್ದಿಲ್ಲ, ಅವರು ಕೇಳಿದ ಹಾಗೇ ಇಟ್ಟಿದ್ದೇನೆ.

## ಶುರುವಿಗೆ

ಡಿಸ್ಟಾರ್ಷನ್ ಅಂದ್ರ ಏನ್ರೀ ಸರ? ಸೌಂಡ್ ಒಡಿಯೋದಾ?

ಒಡೆಯುವುದು ಅದರ ಕೊನೇ ಹಂತ. ಆಂಪ್ಲಿಫೈಯರ್ ಮಾಡಬೇಕಾದ ಕೆಲಸ ಒಂದೇ. ಒಳಗೆ ಬಂದ ಸಿಗ್ನಲ್ಲನ್ನು ಇದ್ದ ಹಾಗೇ ದೊಡ್ಡದು ಮಾಡಿ ಸ್ಪೀಕರ್‌ಗೆ ಕೊಡುವುದು. ಸ್ಟುಡಿಯೋದಲ್ಲಿ ಅಜ್ಜನ ಸಣ್ಣ ಫೋಟೋ ಕೊಟ್ಟು ದೊಡ್ಡದು ಮಾಡಿಸುತ್ತೀರಿ, ತಂದು ನೋಡಿದರೆ ಮೂಗು ಒಂಚೂರು ಅಗಲವಾಗಿದೆ. ಅದು ಡಿಸ್ಟಾರ್ಷನ್.

ಧ್ವನಿಯಲ್ಲಿ ಈ ಎಡವಟ್ಟು ಹೊಸ ಸ್ವರಗಳ ರೂಪದಲ್ಲಿ ಬರುತ್ತದೆ. 240 ಹರ್ಟ್ಸ್‌ನ, ಅಂದರೆ ಸೆಕೆಂಡಿಗೆ 240 ಸಲ ಕಂಪಿಸುವ ಒಂದು ಸಾ ಕೊಟ್ಟಿರಿ ಎಂದುಕೊಳ್ಳಿ. ಹೊರಗೆ 240 ಬರುತ್ತದೆ, ಜೊತೆಗೆ ನೀವು ಕೊಡದೇ ಇದ್ದ 480, 720, 960 ಕೂಡ ಸಣ್ಣಗೆ ಬರುತ್ತವೆ. ಇವಕ್ಕೆ ಹಾರ್ಮೋನಿಕ್ಸ್ ಎನ್ನುತ್ತಾರೆ. ಇವೆಲ್ಲ ಒಟ್ಟು ಸೇರಿ ಮೂಲ ಸ್ವರದ ಶೇಕಡಾ ಎಷ್ಟಾಯಿತು ಅನ್ನುವುದೇ ಡಬ್ಬಿ ಮೇಲೆ ಬರೆಯುವ ಟಿಎಚ್‌ಡಿ. ಬಾಸ್ ಜಾಸ್ತಿ ಕೇಳುವುದು, ಟ್ರೆಬಲ್ ಮಂದ ಇರುವುದು ಇದಕ್ಕೆ ಸೇರುವುದಿಲ್ಲ. ಅದು ಟೋನ್ ವ್ಯತ್ಯಾಸ. ಅರ್ಧ ಜಗಳ ಹುಟ್ಟುವುದೇ ಈ ಎರಡನ್ನು ಕಲಸುವುದರಿಂದ.

ಒಂದರ ಮ್ಯಾಲೆ 0.01% ಅಂತ ಬರದಾರ, ಇನ್ನೊಂದರ ಮ್ಯಾಲೆ 0.1%. ಮೊದಲಿಂದು ಹತ್ತು ಪಟ್ಟು ಚಲೋನ?

ಕಾಗದದ ಮೇಲೆ ಹೌದು. ಕಿವಿಗೆ ಎರಡೂ ಒಂದೇ.

ಲೆಕ್ಕ ಸುಲಭ ಇದೆ. 1% ಅಂದರೆ ಮೂಲಕ್ಕಿಂತ 40 ಡೆಸಿಬೆಲ್ (ಶಬ್ದದ ಜೋರು ಅಳೆಯುವ ಮಾಪ) ಕೆಳಗೆ, 0.1% ಅಂದರೆ 60 ಕೆಳಗೆ, 0.01% ಅಂದರೆ 80 ಕೆಳಗೆ. ನೀವು 80 ಡೆಸಿಬೆಲ್‌ನಲ್ಲಿ ಹಾಡು ಕೇಳುತ್ತಿದ್ದೀರಿ. ಅದು ಮನೆಗೆ ಸಾಕಷ್ಟು ಜೋರೇ, ಒಳಗಿನಿಂದ ಸಣ್ಣ ಮಾಡು ಅಂತ ಯಾರಾದರೂ ಕೂಗುವಷ್ಟು. ಆಗ 1% ಡಿಸ್ಟಾರ್ಷನ್ 40 ಡೆಸಿಬೆಲ್‌ನಷ್ಟಾಗುತ್ತದೆ, ಹೆಚ್ಚುಕಡಿಮೆ ತಲೆ ಮೇಲೆ ತಿರುಗುವ ಫ್ಯಾನಿನ ಸದ್ದಿನಷ್ಟು. 0.1% ಆದರೆ 20 ಡೆಸಿಬೆಲ್. ಅದನ್ನು ಕೇಳಬೇಕಾದರೆ ಫ್ಯಾನ್ ಆರಿಸಬೇಕು, ಬೀದಿ ನಾಯಿ ಮಲಗಬೇಕು, ಹಾಡನ್ನೂ ನಿಲ್ಲಿಸಬೇಕು. ಹಾಡು ನಿಂತರೆ ಡಿಸ್ಟಾರ್ಷನ್ನೂ ನಿಂತಿತು, ಅಲ್ವಾ?

ಇದರ ಮೇಲೆ ಕಿವಿಯ ಇನ್ನೊಂದು ಗುಣವಿದೆ. ಜೋರಾದ ಸ್ವರ ತನ್ನ ಪಕ್ಕದ, ಅದರಲ್ಲೂ ತನಗಿಂತ ಮೇಲಿನ ಸಣ್ಣ ಸ್ವರಗಳನ್ನು ಮುಚ್ಚಿಹಾಕುತ್ತದೆ. ಬಸ್ಸಿನ ಇಂಜಿನ್ ಸದ್ದಿನಲ್ಲಿ ಪಕ್ಕದವರ ಮಾತು ಮುಳುಗುವ ಹಾಗೆ. ಹಾಗಾಗಿ 0.1%ಗಿಂತ ಕೆಳಗೆ ಹೋದ ಮೇಲೆ ಆ ಸಂಖ್ಯೆ ನೋಡಿ ಆಂಪ್ ಆರಿಸುವುದನ್ನು ನಾನಂತೂ ಬಿಟ್ಟಿದ್ದೇನೆ.

ಹಂಗಾದ್ರ 10% ಅಂತ ಬರದಿದ್ರ? ನಮ್ಮ ಬೋರ್ಡಿನ ಮ್ಯಾಲೆ ಹಂಗ ಐತಿ

ಇಲ್ಲಿ ನಿಲ್ಲಬೇಕು. 10% ಅಂದರೆ ಅಲೆಯ ತಲೆ ಆಗಲೇ ಚಪ್ಪಟೆಯಾಗಿದೆ, ಇದಕ್ಕೇ ಕ್ಲಿಪ್ಪಿಂಗ್ ಎನ್ನುತ್ತಾರೆ.

ನಮ್ಮ ಕಡೆ ಅಸೆಂಬಲ್ ಮಾಡಿದ ಡಬ್ಬಿ ಬಿಚ್ಚಿದರೆ ಒಳಗೆ 4440 ಐಸಿ (ಆಂಪ್ಲಿಫೈಯರ್ ಅಡಗಿರುವ ಒಂದು ಚಿಪ್) ಸಿಗುವುದು ಗ್ಯಾರಂಟಿ ಅನ್ನುವ ಕಾಲವಿತ್ತು, ಈಗಲೂ ಸಾಕಷ್ಟು ಇದೆ. ಹೊರಗಿನ ಸ್ಟಿಕರ್ ಮೇಲೆ 100 ವ್ಯಾಟ್, 200 ವ್ಯಾಟ್ ಎಂದಿರುತ್ತದೆ. ಆ ಐಸಿ ಮಾಡಿದವರೇ ಕೊಟ್ಟ ಲೆಕ್ಕ ನೋಡಿ: 13.2 ವೋಲ್ಟ್, 4 ಓಮ್ ಸ್ಪೀಕರ್, ಎರಡು ಚಾನಲ್‌ಗೆ ತಲಾ 6 ವ್ಯಾಟ್. ಎರಡನ್ನೂ ಸೇರಿಸಿ ಬ್ರಿಜ್ ಮಾಡಿದರೆ 19 ವ್ಯಾಟ್. ಅದೂ 10% ಡಿಸ್ಟಾರ್ಷನ್‌ನಲ್ಲಿ. 1%ಗೆ ಇಳಿಸಿದರೆ ಸಾಮಾನ್ಯವಾಗಿ ಇನ್ನೂ ಐದರಲ್ಲಿ ಒಂದು ಪಾಲು ಕಳೆದುಹೋಗುತ್ತದೆ. ಅಂದರೆ ಶುದ್ಧವಾಗಿ ಸಿಗುವುದು ತಲಾ ಐದು ವ್ಯಾಟ್ ಆಸುಪಾಸು.

4440 ಕೆಟ್ಟ ಐಸಿ ಅಂತ ನಾನು ಹೇಳುತ್ತಿಲ್ಲ. ಐದು ವ್ಯಾಟ್ ಒಳಗಿಟ್ಟು ಕೇಳಿದರೆ ಚಲೋ ಹಾಡುತ್ತದೆ. ಸುಳ್ಳು ಇರುವುದು ಸ್ಟಿಕರ್‌ನಲ್ಲಿ. ಪಿಎಂಪಿಓ (ಕ್ಷಣಮಾತ್ರದ ಗರಿಷ್ಠ ಪವರ್ ಅನ್ನುವ ಜಾಹೀರಾತಿನ ಲೆಕ್ಕ) ಅಂತ ಬರೆದಿದ್ದರೆ ಆ ಸಂಖ್ಯೆಯನ್ನು ಓದಲೇಬೇಡಿ.

ಮನ್ಯಾಗ ಕೇಳಾಕ ಎಷ್ಟು ವ್ಯಾಟ್ ಬೇಕು? 20 ಸಾಕಾಗಂಗಿಲ್ಲೇನು?

ಬಹಳ ಹೊತ್ತು ನೀವು ಕೇಳುವುದು ಒಂದು ವ್ಯಾಟಿಗಿಂತ ಕಡಿಮೆ. ನಂಬಿಕೆ ಬರುವುದಿಲ್ಲ, ಗೊತ್ತು.

ಮನೆಯ ಸಾಮಾನ್ಯ ಸ್ಪೀಕರ್ ಒಂದು ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ 86-88 ಡೆಸಿಬೆಲ್ ಕೊಡುತ್ತದೆ. ಎರಡು ಸ್ಪೀಕರ್ ಸೇರಿ, ನೀವು ಎರಡೂವರೆ ಮೀಟರ್ ದೂರ ಕೂತರೂ 85ರ ಹತ್ತಿರ ಬರುತ್ತದೆ. ನೆಮ್ಮದಿಯಿಂದ ಕೇಳುವುದು 75ರಲ್ಲಿ. ಹತ್ತು ಡೆಸಿಬೆಲ್ ಇಳಿದರೆ ವ್ಯಾಟ್ ಹತ್ತನೇ ಒಂದು ಪಾಲಿಗೆ ಇಳಿಯುತ್ತದೆ, ಅಂದರೆ 0.1 ವ್ಯಾಟ್.

ಹಾಗಾದರೆ ದೊಡ್ಡ ಆಂಪ್ ಯಾಕೆ? ಸಂಗೀತ ಒಂದೇ ಸಮ ಇರುವುದಿಲ್ಲ, ಅದಕ್ಕೆ. ಗಾಯಕ ಸಣ್ಣಗೆ ಆಲಾಪ ಮಾಡುತ್ತಿರುತ್ತಾನೆ, ತಬಲಾದವನು ಸಮ್‌ಗೆ ಬಂದು ಒಂದು ಏಟು ಕೊಡುತ್ತಾನೆ. ಆ ಏಟಿನ ತುದಿ ಸರಾಸರಿಗಿಂತ 20 ಡೆಸಿಬೆಲ್ ಮೇಲೆ ಹೋಗಬಹುದು. 20 ಡೆಸಿಬೆಲ್ ಅಂದರೆ ನೂರು ಪಟ್ಟು ವ್ಯಾಟ್. 0.1 ಇದ್ದದ್ದು ಕಣ್ಣು ಮಿಟುಕಿಸುವಷ್ಟರಲ್ಲಿ 10 ಆಯಿತು. 20 ವ್ಯಾಟಿನ ಆಂಪ್ ಇದನ್ನು ತಡೆದುಕೊಳ್ಳುತ್ತದೆ. ಖುಷಿಯಲ್ಲಿ ವಾಲ್ಯೂಮ್ ಇನ್ನೊಂದು ಹತ್ತು ಡೆಸಿಬೆಲ್ ಏರಿಸಿದರೆ? ಈಗ ಆ ಏಟಿಗೆ 100 ವ್ಯಾಟ್ ಬೇಕು, ನಿಮ್ಮ ಬಳಿ ಇರುವುದು 20. ಅಲ್ಲಿಗೆ ಒಡೆಯಿತು. ಸಣ್ಣಗೆ ಕೇಳುವವರಿಗೆ 20 ಸಾಕು, ಜೋರಾಗಿ ಕೇಳುವವರಿಗೆ ಇಲ್ಲ, ಅಷ್ಟೇ ಲೆಕ್ಕ.

ಕ್ಲಿಪ್ಪಿಂಗ್ ಆಗಾಕತ್ತೈತಿ ಅಂತ ಕಿವಿಯಿಂದ ಗುರ್ತ ಹಿಡಿಯೋದು ಹೆಂಗ?

ಗಣಪತಿ ಹಬ್ಬದಲ್ಲಿ ಹುಬ್ಬಳ್ಳಿ ಬೀದಿಯ ಪೆಂಡಾಲ್ ಮುಂದೆ ನಿಂತಿದ್ದರೆ ನಿಮಗೆ ಅದರ ಪರಿಚಯ ಆಗಲೇ ಇದೆ. ಆ ಚರಚರ ಅನ್ನುವ, ಹಲ್ಲು ಜುಮ್ ಅನ್ನಿಸುವ ಶಬ್ದ. ಮನೆಯಲ್ಲಿ ಅದು ಅಷ್ಟು ಬಹಿರಂಗವಾಗಿ ಬರುವುದಿಲ್ಲ, ಕಳ್ಳನ ಹಾಗೆ ಬರುತ್ತದೆ. ತಬಲಾದ ಬಾಯಾ ಗುಂ ಅನ್ನುವ ಬದಲು ಟಪ್ ಅನ್ನುತ್ತದೆ. ಗಾಯಕ ತಾರ ಷಡ್ಜಕ್ಕೆ ಏರಿದಾಗ ದನಿಗೆ ಒಂದು ತಗಡಿನ ಅಂಚು ಬರುತ್ತದೆ. ವಾಲ್ಯೂಮ್ ಎರಡು ಗೀಟು ಇಳಿಸಿದರೆ ಆ ಅಂಚು ಥಟ್ಟನೆ ಹೋಗುತ್ತದೆ. ಇಳಿಸಿದಾಗ ಶಬ್ದ ಸಣ್ಣದಾಗುವುದಷ್ಟೇ ಅಲ್ಲ, ಮೆತ್ತಗೂ ಆದರೆ ಅದು ಕ್ಲಿಪ್ಪಿಂಗ್.

ಮೊದಲು ಒಂದು ವಿಷಯ ನೋಡಿ. ಆಂಪ್‌ನ ವಾಲ್ಯೂಮ್ ಬಹಳ ಕೆಳಗಿಟ್ಟು, ಫೋನಿನದ್ದು ಪೂರ್ತಿ ಏರಿಸಿ ಕೇಳಿ. ಆಗಲೂ ಒಡೆಯುತ್ತಿದ್ದರೆ ತಪ್ಪು ಪವರ್ ಆಂಪ್‌ನದಲ್ಲ, ಹಿಂದೆಲ್ಲೋ ಇದೆ. ಬಹಳ ಸಲ ಫೋನಿನ ಈಕ್ವಲೈಜರ್‌ನಲ್ಲಿ ಬಾಸ್ ತುದಿಗೆ ಏರಿಸಿ ಮರೆತಿರುತ್ತಾರೆ. ಬಾಸ್ 10 ಡೆಸಿಬೆಲ್ ಏರಿಸಿದರೆ ಆ ಜಾಗದಲ್ಲಿ ಹತ್ತು ಪಟ್ಟು ವ್ಯಾಟ್ ಕೇಳಿದಂತೆ. ನನ್ನ ಬಳಿ ರಿಪೇರಿಗೆ ಬಂದ ಎಷ್ಟೋ ಆಂಪ್‌ಗಳಿಗೆ ಔಷಧಿ ಅದೊಂದೇ ಆಗಿತ್ತು. ಈಕ್ವಲೈಜರ್ ಬಂದ್ ಮಾಡಿ, ಚಹಾ ಕುಡಿಸಿ ಕಳಿಸಿದೆ.

ಸಣ್ಣ ಆಂಪ್ಲಿಫೈರ್ ಹಚ್ಚಿದ್ರ ಟ್ವೀಟರ್ ಸುಡ್ತೈತಂತ. ದೊಡ್ಡದಕ್ಕ ಸುಡಬೇಕಲ್ರೀ?

ಟ್ವೀಟರ್ ಅಂದರೆ ಮೇಲಿನ ಸ್ವರಗಳನ್ನು ನುಡಿಸುವ ಪುಟ್ಟ ಸ್ಪೀಕರ್. ಅದು ಎರಡಕ್ಕೂ ಸುಡುತ್ತದೆ, ಕಾರಣ ಬೇರೆ. ಸಣ್ಣ ಆಂಪನ್ನು ಒಡೆಯುವವರೆಗೆ ಏರಿಸಿದಾಗ ಬಾಸ್ ಆಗಲೇ ಮಿತಿ ಮುಟ್ಟಿ ನಿಂತಿರುತ್ತದೆ, ಏರುವುದಿಲ್ಲ. ಆದರೆ ಮೇಲಿನ ಸ್ವರಗಳು ಇನ್ನೂ ಏರುತ್ತಲೇ ಇರುತ್ತವೆ. ಅದರ ಜೊತೆ ಚಪ್ಪಟೆಯಾದ ಅಲೆ ತನ್ನದೇ ಹಾರ್ಮೋನಿಕ್ಸ್ ಸೇರಿಸುತ್ತದೆ. ಅಲೆ ಪೂರ್ತಿ ಚೌಕಾಕಾರ ಆದರೆ 20 ವ್ಯಾಟಿನ ಆಂಪ್ 40ರ ಹತ್ತಿರ ಕೊಡುತ್ತದೆ. ಇದೆಲ್ಲ ಹೋಗಿ ಬೀಳುವುದು ಕೂದಲಿನಷ್ಟು ಸಣ್ಣ ತಂತಿ ಸುತ್ತಿದ ಟ್ವೀಟರ್ ಮೇಲೆ. ಗಂಟೆಗಟ್ಟಲೆ ಹಾಗೆ ಓಡಿಸಿದರೆ ಅದು ಬದುಕುವುದಿಲ್ಲ.

## ಮನೆಯೊಳಗಿನ ವಿಷಯ

ನಮ್ಮದು ಉಲ್ಟಾ. ಜೋರ ಇಟ್ರ ಚಂದ ಕೇಳ್ತೈತಿ, ಸಣ್ಣ ಇಟ್ಟಾಗನ ಕೆಟ್ಟ ಕೇಳ್ತೈತಿ. ಯಾಕ?

ಈ ಪ್ರಶ್ನೆ ನನಗೆ ಬಹಳ ಇಷ್ಟ, ಯಾಕೆಂದರೆ ಟಿಎಚ್‌ಡಿ ಸಂಖ್ಯೆಯ ಮರ್ಯಾದೆ ಹೋಗುವುದು ಇಲ್ಲೇ.

ಸಾಮಾನ್ಯ ಟ್ರಾನ್ಸಿಸ್ಟರ್ ಆಂಪ್‌ನಲ್ಲಿ ಅಲೆಯ ಮೇಲಿನ ಅರ್ಧವನ್ನು ಒಂದು ಟ್ರಾನ್ಸಿಸ್ಟರ್, ಕೆಳಗಿನ ಅರ್ಧವನ್ನು ಇನ್ನೊಂದು ಹೊರುತ್ತದೆ. ಪಲ್ಲಕ್ಕಿ ಹೊರುವವರು ಹೆಗಲು ಬದಲಿಸುವ ಹಾಗೆ. ಒಬ್ಬ ಬಿಡುವ ಮೊದಲೇ ಇನ್ನೊಬ್ಬ ಹೆಗಲು ಕೊಡಬೇಕು, ಇಲ್ಲದಿದ್ದರೆ ದೇವರು ಕುಲುಕುತ್ತಾನೆ. ಅದಕ್ಕೇ ಎರಡೂ ಟ್ರಾನ್ಸಿಸ್ಟರ್‌ಗಳಲ್ಲಿ ಸದಾ ಸ್ವಲ್ಪ ಕರೆಂಟ್ ಹರಿಯುವಂತೆ ಇಟ್ಟಿರುತ್ತಾರೆ, ಅದು ಬಯಾಸ್. ಬಯಾಸ್ ಕಡಿಮೆಯಾದರೆ ಅಲೆ ಸೊನ್ನೆ ದಾಟುವಾಗಲೆಲ್ಲ ಒಂದು ಮೆಟ್ಟಿಲು ಬೀಳುತ್ತದೆ. ಇದು ಕ್ರಾಸ್‌ಓವರ್ ಡಿಸ್ಟಾರ್ಷನ್. ಜೋರಾದ ಅಲೆಯಲ್ಲಿ ಆ ಮೆಟ್ಟಿಲು ಎಲ್ಲೋ ಮೂಲೆಗೆ ಹೋಗುತ್ತದೆ. ಸಣ್ಣ ಅಲೆಯಲ್ಲಿ ಅದೇ ಎದ್ದು ಕಾಣುತ್ತದೆ. ಡಬ್ಬಿ ಮೇಲಿನ ಅಂಕಿಯನ್ನು ಬಹಳ ಸಲ ಪೂರ್ತಿ ಪವರ್ ಹತ್ತಿರ ಅಳೆದಿರುತ್ತಾರೆ, ಆದರೆ ನಾವು ಕೇಳುವುದು 0.1 ವ್ಯಾಟಿನಲ್ಲಿ!

ನಮ್ಮ ಕಾಕಾನ ಆಂಪ್ ಹೀಗೇ ಆಗಿತ್ತು. ಅವರು ಊಟ ಆದ ಮೇಲೆ, ಎಲ್ಲರೂ ಮಲಗಿದಾಗ, ಸಣ್ಣಗೆ ಗಂಗೂಬಾಯಿ ಹಾನಗಲ್ ಅವರ ಧ್ವನಿಮುದ್ರಿಕೆ ಹಾಕಿಕೊಂಡು ಕೂರುವವರು. ಆ ತುಂಬಿದ, ಕೆಳಸ್ಥಾಯಿಯ ದನಿಯಲ್ಲಿ ಮರಳು ಸೇರಿದ ಹಾಗೆ ಕೇಳುತ್ತದೆ ಅಂತ ಅವರ ದೂರು. ಹಗಲು ಜೋರಾಗಿ ಹಾಕಿ ನೋಡಿದರೆ ಏನೂ ಇಲ್ಲ. ವಯಸ್ಸಾಯಿತು, ಕಿವಿ ಹೋಗಿದೆ ಅಂತ ಮನೆಯಲ್ಲಿ ನಕ್ಕರು. ನಾನೂ ನಕ್ಕೆ, ಅದಕ್ಕೆ ಈಗಲೂ ನಾಚಿಕೆ. ಒಂದು ಭಾನುವಾರ ಮುಚ್ಚಳ ಬಿಚ್ಚಿ ಮೀಟರ್ ಹಿಡಿದೆ. ಔಟ್‌ಪುಟ್ ಟ್ರಾನ್ಸಿಸ್ಟರ್ ಪಕ್ಕದ 0.22 ಓಮ್ ರೆಸಿಸ್ಟರ್ ಮೇಲೆ ಹತ್ತು ಹನ್ನೆರಡು ಮಿಲಿವೋಲ್ಟ್ ಇರಬೇಕಾದಲ್ಲಿ ಸೊನ್ನೆ. ಬಯಾಸ್ ಇಡುವ ಪ್ರಿಸೆಟ್, ಅಂದರೆ ತಿರುಗಿಸಿ ಹೊಂದಿಸುವ ಪುಟ್ಟ ರೆಸಿಸ್ಟರ್, ಧೂಳು ತಿಂದು ಸತ್ತಿತ್ತು. ಹೊಸದು ಹಾಕಿ, ಆಂಪ್ ಅರ್ಧ ಗಂಟೆ ಬಿಸಿಯಾಗಲು ಬಿಟ್ಟು, 12 ಮಿಲಿವೋಲ್ಟ್‌ಗೆ ತಂದು ನಿಲ್ಲಿಸಿದೆ. ರಾತ್ರಿ ಕಾಕಾ ಏನೂ ಮಾತಾಡಲಿಲ್ಲ, ಎರಡನೇ ಹಾಡು ಹಾಕಿಕೊಂಡರು.

ಒಂದು ಎಚ್ಚರಿಕೆ. ಆ ಪ್ರಿಸೆಟ್ಟನ್ನು ಮೀಟರ್ ಇಲ್ಲದೆ ಸುಮ್ನೆ ತಿರುಗಿಸಬೇಡಿ. ಜಾಸ್ತಿಯಾದರೆ ಔಟ್‌ಪುಟ್ ಟ್ರಾನ್ಸಿಸ್ಟರ್ ಬಿಸಿಯಾಗುತ್ತಾ ಹೋಗಿ ಸುಡುತ್ತದೆ.

ಸಣ್ಣ ವಾಲ್ಯೂಮ್‌ನಲ್ಲಿ ಬಾಸ್ ಇಲ್ಲ, ಸಪ್ಪೆ ಇದೆ ಅನ್ನುವುದು ನಿಮ್ಮ ದೂರಾದರೆ ಅದು ಬೇರೆ ಕಥೆ. ಸಣ್ಣ ಶಬ್ದದಲ್ಲಿ ಮನುಷ್ಯನ ಕಿವಿಗೆ ಬಾಸ್ ಕಡಿಮೆಯೇ ಕೇಳುತ್ತದೆ. ಫ್ಲೆಚರ್ ಮತ್ತು ಮನ್ಸನ್ ಇದನ್ನು 1933ರಲ್ಲೇ ಅಳೆದು ತೋರಿಸಿದ್ದಾರೆ. ಹಳೇ ಆಂಪ್‌ಗಳಲ್ಲಿ ಲೌಡ್‌ನೆಸ್ ಅನ್ನುವ ಗುಂಡಿ ಇರುವುದು ಅದಕ್ಕೇ.

ಗುಂಯ್ ಅಂತ ಒಂದು ಸಪ್ಪಳ ಯಾವಾಗ್ಲೂ ಬರ್ತೈತಿ, ಇದೂ ಡಿಸ್ಟಾರ್ಷನ್ನೇನು?

ಅಲ್ಲ. ಹಾಡು ನಿಲ್ಲಿಸಿದಾಗಲೂ ಬರುತ್ತಿದ್ದರೆ ಅದು ಹಮ್. 100 ಹರ್ಟ್ಸ್‌ನದ್ದಾದರೆ ಪವರ್ ಸಪ್ಲೈಯ ದೊಡ್ಡ ಕೆಪಾಸಿಟರ್ ಒಣಗಿದೆ, 50ರದ್ದಾದರೆ ಬಹುಶಃ ಅರ್ಥಿಂಗ್ ಅಥವಾ ವೈರಿನ ತೊಂದರೆ. ಮೊದಲಿನದಾದರೆ ಕೆಪಾಸಿಟರ್ ಬದಲಿಸಿ, ಅಲ್ಲಿಗೆ ಮುಗಿಯಿತು.

ಅಜ್ಜನ ವಾಲ್ವ್ ರೇಡಿಯೋ ಅಷ್ಟು ಚಂದ ಹಾಡ್ತಿತ್ತಲ್ಲ, ಅದರಾಗ ಡಿಸ್ಟಾರ್ಷನ್ ಇರಲಿಲ್ಲೇನು?

ಬೇಕಾದಷ್ಟಿತ್ತು. ಆ ಕಾಲದ ರೇಡಿಯೋಗಳಲ್ಲಿ ಕೊನೆಗೆ ಸ್ಪೀಕರ್ ಓಡಿಸುತ್ತಿದ್ದ ಪ್ರಸಿದ್ಧ ವಾಲ್ವ್ (ಟ್ರಾನ್ಸಿಸ್ಟರ್‌ಗೂ ಮೊದಲಿನ ಗಾಜಿನ ಕೊಳವೆ) ಇಎಲ್84. ಒಂದೇ ವಾಲ್ವ್ ಹಾಕಿದರೆ ಅದು ಕೊಡುವುದು 5.7 ವ್ಯಾಟ್, ಅದೂ 10% ಡಿಸ್ಟಾರ್ಷನ್‌ನಲ್ಲಿ. ಹೌದು, 4440ಗೆ ನಾನು ಬೈದ ಅದೇ 10%.

ಆದರೂ ಚಂದ ಕೇಳುತ್ತಿತ್ತು. ಆಗಿನ ಸ್ಪೀಕರ್‌ಗಳು ಅಗಲವಾದ ಕಾಗದದ ಕೋನ್‌ನವು, ಕಡಿಮೆ ವ್ಯಾಟಿಗೇ ಜೋರು ಹಾಡುತ್ತಿದ್ದವು. ಹಾಗಾಗಿ ವಾಲ್ವ್ ಅರ್ಧ ವ್ಯಾಟಿನಲ್ಲೇ ಆರಾಮಾಗಿ ಇರುತ್ತಿತ್ತು, 10%ರ ಹತ್ತಿರ ಹೋಗುತ್ತಲೇ ಇರಲಿಲ್ಲ. ಮಿತಿ ಮುಟ್ಟುವಾಗಲೂ ವಾಲ್ವ್ ನಿಧಾನವಾಗಿ ಬಾಗುತ್ತದೆ, ಟ್ರಾನ್ಸಿಸ್ಟರ್ ಕತ್ತರಿ ಹಾಕಿದ ಹಾಗೆ ಕತ್ತರಿಸುತ್ತದೆ. ಮೀಡಿಯಂ ವೇವ್‌ನಲ್ಲಿ ಮೇಲಿನ ಸ್ವರಗಳು ಬರುತ್ತಲೇ ಇರಲಿಲ್ಲ, ಬಂದ ಸ್ವಲ್ಪವನ್ನೂ ಆ ಮರದ ಪೆಟ್ಟಿಗೆ ಮೆತ್ತಗೆ ಮಾಡುತ್ತಿತ್ತು. ಕಿವಿಗೆ ಚುಚ್ಚುವಂಥದ್ದು ಹೊರಗೇ ಬರುತ್ತಿರಲಿಲ್ಲ ಅನ್ನಿ. ಧಾರವಾಡ ಆಕಾಶವಾಣಿ ಶುರುವಾದದ್ದು 1950ರಲ್ಲಿ. ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು ಇವರನ್ನೆಲ್ಲ ನಮ್ಮ ಅಜ್ಜಂದಿರು ಕೇಳಿದ್ದು ಇಂಥ ಪೆಟ್ಟಿಗೆಯಿಂದಲೇ. ಯಾರೂ ಟಿಎಚ್‌ಡಿ ಕೇಳಲಿಲ್ಲ.

ಇದ್ದದ್ದು ಇಷ್ಟ ರೊಕ್ಕ. ಹೊಸ ಆಂಪ್ ತಗೊಳ್ಲೋ, ಸ್ಪೀಕರ್ ತಗೊಳ್ಲೋ?

ಆಂಪ್ ಒಡೆಯುತ್ತಿಲ್ಲ, ಮರಳು ಇಲ್ಲ ಅಂತಾದರೆ ಅದನ್ನು ಮುಟ್ಟಬೇಡಿ. ಸಾಧಾರಣ ಆಂಪ್‌ನ ಡಿಸ್ಟಾರ್ಷನ್ 0.1% ಇದ್ದರೆ, ಐದಿಂಚಿನ ಸ್ಪೀಕರ್ ಜೋರು ಬಾಸ್‌ನಲ್ಲಿ ಸಲೀಸಾಗಿ ಐದಾರು ಪರ್ಸೆಂಟ್ ದಾಟುತ್ತದೆ. ಐವತ್ತು ಪಟ್ಟು! ಹೊಸ ಆಂಪ್ ತಂದು 0.001% ಮಾಡಿದರೂ ಸ್ಪೀಕರ್‌ನ ಐದು ಪರ್ಸೆಂಟ್ ಅಲ್ಲೇ ಕೂತಿರುತ್ತದೆ.

ಸ್ಪೀಕರ್‌ಗೂ ಮೊದಲು ಕೋಣೆ. ಹೊಸ ಮನೆಗಳಲ್ಲಿ ಹೊಳೆಯುವ ಟೈಲ್ಸ್, ಬೋಳು ಗೋಡೆ, ಮೇಲೆ ಆರ್‌ಸಿಸಿ. ನಡುವೆ ನಿಂತು ಒಂದು ಚಪ್ಪಾಳೆ ಹೊಡೆಯಿರಿ. ಝಣ್ ಅಂತ ಬಾಲ ಬಂದರೆ ಪ್ರತಿ ತಬಲಾ ಏಟಿಗೂ ಅದೇ ಬಾಲ ಅಂಟುತ್ತದೆ. ಮಂದಿ ಇದನ್ನೇ ಆಂಪ್ ಕರ್ಕಶ ಅಂತ ತಿಳಿಯುತ್ತಾರೆ. ಹುಬ್ಬಳ್ಳಿಯ ವಿದ್ಯಾನಗರದ ಗೆಳೆಯನೊಬ್ಬ ಇದೇ ಕಾರಣಕ್ಕೆ ಮೂರು ಆಂಪ್ ಬದಲಿಸಿದ್ದ. ಕೊನೆಗೆ ಅವನ ಅವ್ವ ಹಬ್ಬಕ್ಕೆಂದು ನವಲಗುಂದದ ಜಮಖಾನ ಹಾಸಿದಾಗ ಅರ್ಧ ಕರ್ಕಶ ಹೋಯಿತು. ಎದುರು ಗೋಡೆಗೆ ಹಳೇ ಕೌದಿ ಒಂದನ್ನು ಗೋಡೆಯಿಂದ ನಾಲ್ಕು ಬೆರಳು ಬಿಟ್ಟು ತೂಗುಹಾಕಿಸಿದೆ, ಇನ್ನರ್ಧವೂ ಹೋಯಿತು. ಬಟ್ಟೆ ಮೇಲಿನ ಸ್ವರಗಳನ್ನಷ್ಟೇ ಹೀರುತ್ತದೆ, ಬಾಸ್ ಗುಮ್ಮೆನ್ನುವುದಕ್ಕೆ ಅದು ಮದ್ದಲ್ಲ. ಅದಕ್ಕೆ ಸ್ಪೀಕರನ್ನು ಮೂಲೆಯಿಂದ ಎರಡಡಿ ಈಚೆ ಎಳೆಯಬೇಕು.

ಹಳೇ ಧಾರವಾಡದ ಮಣ್ಣಿನ ಗೋಡೆ, ಮಂಗಳೂರು ಹಂಚಿನ ಮನೆಗಳಲ್ಲಿ ಈ ತಕರಾರು ನಾನು ಕೇಳಿದ್ದು ಕಡಿಮೆ.

## ಆಳಕ್ಕೆ ಇಳಿಯುವವರಿಗೆ

ಎರಡನೇ ಹಾರ್ಮೋನಿಕ್ ಚಲೋ, ಏಳನೇದ್ದು ಕೆಟ್ಟದ್ದು ಅಂತಾರಲ್ಲ, ಏನಿದರ ಲೆಕ್ಕ?

ಸಂಗೀತ ಕಲಿತವರಿಗೆ ಇದನ್ನು ಹೇಳುವುದು ಸುಲಭ, ತಂಬೂರಿ ಮುಂದಿಟ್ಟರಾಯಿತು. ಸಾ 240 ಅಂತಿಟ್ಟುಕೊಂಡರೆ ಎರಡನೇ ಹಾರ್ಮೋನಿಕ್ 480, ಅದು ತಾರ ಷಡ್ಜ. ಮೂರನೆಯದು 720, ತಾರ ಪಂಚಮ. ನಾಲ್ಕು ಮತ್ತೆ ಸಾ. ಐದನೆಯದು 1200, ಶುದ್ಧ ಗಾಂಧಾರ. ಚೆನ್ನಾಗಿ ಶ್ರುತಿ ಮಾಡಿದ ತಂಬೂರಿಯಲ್ಲಿ ಯಾರೂ ಮೀಟದ ಗಾಂಧಾರ ತಾನಾಗಿ ಕೇಳುತ್ತದಲ್ಲ, ಸ್ವಯಂಭೂ ಗಾಂಧಾರ ಅಂತಾರೆ, ಅದು ಖರ್ಜದ (ಮಂದ್ರ ಸಾದ) ತಂತಿಯ ಈ ಐದನೇ ಹಾರ್ಮೋನಿಕ್ಕೇ.

ಏಳಕ್ಕೆ ಬಂದಾಗ ತಾಳ ತಪ್ಪುತ್ತದೆ. 1680 ಅಂದರೆ ಶುದ್ಧ ಧೈವತಕ್ಕೂ ಕೋಮಲ ನಿಷಾದಕ್ಕೂ ನಡುವೆ, ಯಾವ ರಾಗದವರೂ ಒಪ್ಪದ ಜಾಗ. ಹನ್ನೊಂದು ಎರಡು ಮಧ್ಯಮಗಳ ನಡುವೆ ಬೀಳುತ್ತದೆ. ಜೊತೆಗೆ ಇವು ಮೂಲ ಸ್ವರದಿಂದ ಬಹಳ ದೂರ ಇರುವುದರಿಂದ ಕಿವಿ ಮುಚ್ಚಿಹಾಕುವುದೂ ಇಲ್ಲ. ಅದಕ್ಕೇ 1% ಎರಡನೇ ಹಾರ್ಮೋನಿಕ್ ಇರುವ ಆಂಪ್ ಸುಖವಾಗಿ ಕೇಳಿ, 0.2% ಮಾತ್ರ ಇದ್ದರೂ ಅದೆಲ್ಲ ಏಳು, ಒಂಬತ್ತು, ಹನ್ನೊಂದರಲ್ಲಿ ಹರಡಿರುವ ಆಂಪ್ ಕಿರಿಕಿರಿ ಮಾಡಬಹುದು. ಕ್ಲಿಪ್ಪಿಂಗ್ ಮತ್ತು ಕ್ರಾಸ್‌ಓವರ್ ಎರಡೂ ಹುಟ್ಟಿಸುವುದು ಈ ಮೇಲಿನವನ್ನೇ. ಟಿಎಚ್‌ಡಿ ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕಿ ತೂಗುತ್ತದೆ. ಜೋಳ ಎಷ್ಟು, ಕಲ್ಲು ಎಷ್ಟು ಅಂತ ಹೇಳುವುದಿಲ್ಲ.

ತಂಬೂರಿಗೆ ಜವಾರಿ ಬೇಕು. ಆಂಪಿಗೆ ಸ್ವಲ್ಪ ಜವಾರಿ ಇದ್ರ ಏನ್ ತಪ್ಪು?

(ಇದು ಜವಾರಿ ಬದನೆಕಾಯಿಯ ಜವಾರಿ ಅಲ್ಲ, ತಂಬೂರಿಯ ತಂತಿಗಳನ್ನು ಹೊರುವ ಕುದುರೆಯ ಮೇಲೆ, ತಂತಿಯ ಕೆಳಗೆ ದಾರ ಇಟ್ಟು ಹುಟ್ಟಿಸುವ ಝೇಂಕಾರ.) ಒಳ್ಳೇ ಪ್ರಶ್ನೆ, ನನ್ನನ್ನು ಒಂದು ವಾರ ಕೂರಿಸಿತು.

ತಂಬೂರಿಯ ಒಂದೊಂದು ತಂತಿಗೆ ಅದರದೇ ಜವಾರಿ. ಆಂಪ್ ಹಾಗಲ್ಲ, ಬಂದ ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಕಲಸುತ್ತದೆ. ಎರಡು ಸ್ವರ ಒಟ್ಟಿಗೆ ಬಂದರೆ ಅವುಗಳ ಕೂಡಿಸಿದ, ಕಳೆದ ಸ್ವರಗಳೂ ಹುಟ್ಟುತ್ತವೆ. ಇದಕ್ಕೆ ಇಂಟರ್‌ಮಾಡ್ಯುಲೇಷನ್ ಎನ್ನುತ್ತಾರೆ. ಸಾ 240, ಪ 360 ಒಟ್ಟಿಗೆ ನುಡಿದರೆ ವ್ಯತ್ಯಾಸ 120, ಅದು ಮಂದ್ರ ಸಾ. ಮೊತ್ತ 600, ತಾರ ಗಾಂಧಾರ. ಎಲ್ಲ ಸುಸ್ವರ, ಅಷ್ಟು ಇದ್ದರೆ ದನಿ ತುಂಬಿದ ಹಾಗೇ ಅನ್ನಿಸುತ್ತದೆ.

ಈಗ ಹಿಂದೂಸ್ತಾನಿಯ ತೋಡಿ ರಾಗ ಹಾಕಿ. ತಂಬೂರಿ 240ರಲ್ಲಿ ಸಾ ಹಿಡಿದಿದೆ, ಗಾಯಕ 256ರ ಕೋಮಲ ರಿಷಭದ ಮೇಲೆ ನಿಂತಿದ್ದಾನೆ. ಮೂರನೇ ಬಗೆಯ ಕಲಬೆರಕೆಯಲ್ಲಿ ಒಂದನ್ನು ಎರಡು ಪಟ್ಟು ಮಾಡಿ ಇನ್ನೊಂದನ್ನು ಕಳೆಯಬೇಕು. 512ರಲ್ಲಿ 240 ಕಳೆದರೆ 272. ಶುದ್ಧ ರಿಷಭ 270! ತೋಡಿಯಲ್ಲಿ ಶುದ್ಧ ರಿಷಭ ಹಾಡಿದರೆ ಗುರುಗಳು ಎದ್ದು ಹೋಗುತ್ತಾರೆ, ನಿಮ್ಮ ಆಂಪ್ ಅದನ್ನು ಸದ್ದಿಲ್ಲದೆ ಸೇರಿಸುತ್ತಿದೆ. 0.1% ಆಂಪ್‌ನಲ್ಲಿ ಇದು ಕಿವಿಗೆ ತಾಗುವುದಿಲ್ಲ. 3% ಆಂಪ್‌ನಲ್ಲಿ ರಾಗ ಕದಡಿದ ಹಾಗೆ ಅನ್ನಿಸುತ್ತದೆ, ಯಾಕೆ ಅಂತ ಗೊತ್ತಾಗುವುದಿಲ್ಲ. ಒಂಟಿ ಸಿತಾರ್ ಕೇಳುವಾಗ ಸೊಗಸೆನಿಸಿದ ಡಿಸ್ಟಾರ್ಷನ್ ಮದುವೆ ಬ್ಯಾಂಡ್ ಹಾಕಿದಾಗ ರಾಡಿಯಾಗುವುದು ಇದರಿಂದಲೇ. ಆಂಪಿಗೆ ಜವಾರಿ ಬೇಡ ಅಂತ ನಾನು ಹೇಳುವುದೂ ಇದಕ್ಕೇ.

ಫೀಡ್‌ಬ್ಯಾಕ್ ಜಾಸ್ತಿ ಹಾಕಿದ್ರ ಸಂಗೀತ ಸಾಯ್ತೈತಿ ಅಂತಾರ, ಖರೇನ?

1927ರಲ್ಲಿ ಹ್ಯಾರಲ್ಡ್ ಬ್ಲ್ಯಾಕ್ ಅನ್ನುವ ಇಂಜಿನಿಯರ್ ದೋಣಿಯಲ್ಲಿ ಹಡ್ಸನ್ ನದಿ ದಾಟಿ ಕೆಲಸಕ್ಕೆ ಹೋಗುವಾಗ ಕೈಯಲ್ಲಿದ್ದ ನ್ಯೂಯಾರ್ಕ್ ಟೈಮ್ಸ್ ಹಾಳೆಯ ಮೇಲೆ ಗೀಚಿದ್ದು ಈ ನೆಗೆಟಿವ್ ಫೀಡ್‌ಬ್ಯಾಕ್. ಹೊರಗೆ ಬಂದದ್ದನ್ನು ಒಳಗಿನದಕ್ಕೆ ಹೋಲಿಸಿ ತಪ್ಪನ್ನು ತಿದ್ದುವುದು, ಅಷ್ಟೇ. ಇದಿಲ್ಲದೆ ಇವತ್ತಿನ ಯಾವ ಅಗ್ಗದ ಆಂಪೂ ಇಲ್ಲ.

ಅಪವಾದ ಬಂದದ್ದು 1970ರ ದಶಕದಲ್ಲಿ. ಫಿನ್ಲೆಂಡಿನ ಮಟ್ಟಿ ಒಟಾಲಾ ಒಂದು ಮಾತು ತೋರಿಸಿದರು: ಒಳಗಿನ ಸರ್ಕ್ಯೂಟ್ ನಿಧಾನವಾಗಿದ್ದು ಫೀಡ್‌ಬ್ಯಾಕ್ ಮಾತ್ರ ಜಾಸ್ತಿ ಇದ್ದರೆ, ಸಿಗ್ನಲ್ ಥಟ್ಟನೆ ಜಿಗಿದಾಗ ಮೊದಲ ಹಂತ ಮುಗ್ಗರಿಸುತ್ತದೆ. ಅದು ನಿಜ. ಆದರೆ ತಪ್ಪು ನಿಧಾನದ್ದು, ಫೀಡ್‌ಬ್ಯಾಕ್‌ನದಲ್ಲ. 100 ವ್ಯಾಟಿನ ಆಂಪ್ 8 ಓಮ್ ಸ್ಪೀಕರ್‌ಗೆ 20 ಕಿಲೋಹರ್ಟ್ಸ್‌ನಲ್ಲಿ ಪೂರ್ತಿ ಪವರ್ ಕೊಡಲು ಮೈಕ್ರೋಸೆಕೆಂಡಿಗೆ 5 ವೋಲ್ಟ್ ವೇಗ ಸಾಕು. ಇವತ್ತಿನ ಐಸಿಗಳು ಅದನ್ನು ಆರಾಮಾಗಿ ದಾಟುತ್ತವೆ. ಇನ್ನೊಂದು ಮಾತನ್ನು ಪೀಟರ್ ಬ್ಯಾಕ್ಸಂಡಾಲ್ ಅದೇ ದಶಕದ ಕೊನೆಗೆ ಹೇಳಿದರು. ಸ್ವಲ್ಪವೇ ಫೀಡ್‌ಬ್ಯಾಕ್ ಹಾಕಿದರೆ ಎರಡನೇ ಹಾರ್ಮೋನಿಕ್ ಇಳಿಯುತ್ತದೆ, ಆದರೆ ಮೊದಲು ಇರದಿದ್ದ ಮೇಲಿನ ಹಾರ್ಮೋನಿಕ್ಸ್ ತಲೆ ಎತ್ತುತ್ತವೆ. ಚೆನ್ನಾಗಿ ಹಾಕಿದರೆ ಅವೂ ಇಳಿಯುತ್ತವೆ. ಅರ್ಧ ಡೋಸ್ ಕುಡಿದು ಔಷಧಿ ಕೆಟ್ಟದ್ದು ಅಂದ ಹಾಗಾಗಿದೆ ಈ ಅಪವಾದ.

ವಾಲ್ವ್ ಆಂಪಿನ ಸೊಗಸು ಪೂರ್ತಿ ಡಿಸ್ಟಾರ್ಷನ್ನಿಂದನ ಬರ್ತೈತೇನು?

ಪೂರ್ತಿ ಅಲ್ಲ, ಬಹಳ ಸಲ ಅರ್ಧವೂ ಅಲ್ಲ. ವಾಲ್ವ್ ಆಂಪ್‌ನ ಔಟ್‌ಪುಟ್ ರೆಸಿಸ್ಟೆನ್ಸ್ (ಕರೆಂಟಿಗೆ ಆಂಪ್ ತಾನೇ ಒಡ್ಡುವ ತಡೆ) ಎರಡು ಮೂರು ಓಮ್ ಇರುತ್ತದೆ, ಟ್ರಾನ್ಸಿಸ್ಟರ್‌ನದ್ದು ಹೆಚ್ಚುಕಡಿಮೆ ಸೊನ್ನೆ. 8 ಓಮ್ ಅಂತ ಬರೆದ ಸ್ಪೀಕರ್ ನಿಜದಲ್ಲಿ ಒಂದು ಸ್ವರದ ಜಾಗದಲ್ಲಿ 5, ಇನ್ನೊಂದು ಸ್ವರದ ಜಾಗದಲ್ಲಿ 30 ಓಮ್ ಇರುತ್ತದೆ. 3 ಓಮ್‌ನ ಆಂಪ್ ಹಚ್ಚಿದರೆ ಆ ಎರಡು ಜಾಗಗಳ ನಡುವೆ 3 ಡೆಸಿಬೆಲ್‌ಗೂ ಹೆಚ್ಚು ಏರಿಳಿತ ಬರುತ್ತದೆ. ಯಾರ ಕಿವಿಗಾದರೂ ಕೇಳುವ ವ್ಯತ್ಯಾಸ ಇದು, ಆದರೆ ಡಿಸ್ಟಾರ್ಷನ್ ಅಲ್ಲ, ಟೋನ್.

1985ರಲ್ಲಿ ಬಾಬ್ ಕಾರ್ವರ್ ಇದನ್ನೇ ಪಣಕ್ಕಿಟ್ಟರು. ಅಮೆರಿಕದ ಸ್ಟೀರಿಯೋಫೈಲ್ ಪತ್ರಿಕೆಯವರು ಒಂದು ದುಬಾರಿ ವಾಲ್ವ್ ಆಂಪ್ ಆರಿಸಿಕೊಟ್ಟರು. ಕಾರ್ವರ್ ಹೋಟೆಲ್ ಕೋಣೆಯಲ್ಲಿ ಕೂತು ತಮ್ಮ ಅಗ್ಗದ ಟ್ರಾನ್ಸಿಸ್ಟರ್ ಆಂಪನ್ನು ತಿದ್ದುತ್ತಾ ಹೋದರು, ಎರಡರ ಔಟ್‌ಪುಟ್ ಒಂದರಿಂದೊಂದು ಕಳೆದಾಗ ಉಳಿಯುವುದು 70 ಡೆಸಿಬೆಲ್ ಕೆಳಗೆ ಇಳಿಯುವವರೆಗೆ. ಆಮೇಲೆ ಪತ್ರಿಕೆಯವರಿಗೆ ಯಾವುದು ಯಾವುದೆಂದು ಗುರುತು ಹಿಡಿಯಲು ಆಗಲಿಲ್ಲ. ಸೊಗಸು ವಾಲ್ವ್‌ನ ಗಾಜಿನೊಳಗೆ ಕೂತಿರುವುದಿಲ್ಲ ಅನ್ನಲು ನನಗೆ ಇಷ್ಟು ಸಾಕು. ಆದರೂ ಕತ್ತಲಲ್ಲಿ ಆ ಕೆಂಪು ಬೆಳಕು ನೋಡುತ್ತಾ ಕೇಳುವ ಸುಖ ಬೇರೆ ಅಂತೀರಾ, ನಾನು ತಕರಾರು ಮಾಡುವುದಿಲ್ಲ.

ನನಗಂತೂ ಎರಡು ಆಂಪಿನ ನಡುವ ಫರಕ್ ಸ್ಪಷ್ಟ ಕೇಳ್ತೈತಿ. ನಾ ಸುಳ್ಳ ಹೇಳಾಕತ್ತೇನೇನು?

ಸುಳ್ಳಲ್ಲ. ಆದರೆ ಯಾವುದು ಕೂದಲೆಳೆಯಷ್ಟು ಜೋರಿದೆಯೋ ಅದು ಕಿವಿಗೆ ಚಂದವಾಗೇ ಕೇಳುತ್ತದೆ. ಜೋರಿದೆ ಅಂತ ಗೊತ್ತಾಗುವುದಿಲ್ಲ, ಚಲೋ ಇದೆ ಅಂತ ಗೊತ್ತಾಗುತ್ತದೆ.

ಹೀಗೆ ಮಾಡಿ. ಫೋನಿನಲ್ಲಿ 240 ಹರ್ಟ್ಸ್‌ನ ಟೋನ್ ಹಾಕಿ, ಸ್ಪೀಕರ್ ತುದಿಗೆ ಮಲ್ಟಿಮೀಟರ್ ಹಿಡಿದು, ಎರಡೂ ಆಂಪ್‌ಗಳ ವೋಲ್ಟೇಜ್ 1%ರ ಒಳಗೆ ಸರಿಸಮ ಮಾಡಿ. ಎಸಿ 200 ವೋಲ್ಟ್‌ನಿಂದ ಶುರುವಾಗುವ ಅಗ್ಗದ ಹಳದಿ ಮೀಟರ್ ಇದಕ್ಕೆ ಸಾಲದು, ಎಸಿ 2 ವೋಲ್ಟ್ ರೇಂಜ್ ಇರುವಂಥದ್ದು ಬೇಕು. ಆಮೇಲೆ ಇನ್ನೊಬ್ಬರು ನಾಣ್ಯ ಚಿಮ್ಮಿ ನಿಮಗೆ ಕಾಣದ ಹಾಗೆ ಬದಲಿಸಲಿ. 16 ಸಲದಲ್ಲಿ 12 ಸರಿ ಬಂದರೆ ನಿಮ್ಮ ಕಿವಿ ನಿಜ ಹೇಳುತ್ತಿದೆ ಅಂತ ಒಪ್ಪಬಹುದು, 9-10 ಬಂದರೆ ಅದು ನಾಣ್ಯದ ಆಟ.

ನಾನು ಒಂದು 4440 ಬೋರ್ಡನ್ನೂ ನನ್ನ ಒಳ್ಳೇ ಆಂಪನ್ನೂ ಹೀಗೆ ಇಟ್ಟು ನೋಡಿದೆ, ತಮ್ಮ ಬದಲಿಸುತ್ತಿದ್ದ. ಸಂಜೆಯ ಸಣ್ಣ ವಾಲ್ಯೂಮ್‌ನಲ್ಲಿ ನನಗೆ ಬಂದದ್ದು 16ಕ್ಕೆ 9. ಮೋರೆ ಸಣ್ಣದಾಯಿತು. ವಾಲ್ಯೂಮ್ ಏರಿಸಿ ಮತ್ತೆ ಶುರು ಮಾಡಿದೆವು. ಮೂರನೇ ಸಲಕ್ಕೇ, ನಾನು ಬಾಯಿ ಬಿಡುವ ಮೊದಲು, ರೊಟ್ಟಿ ಬಡಿಯುತ್ತಿದ್ದ ಅವ್ವ ಅಡುಗೆಮನೆಯಿಂದಲೇ ಕೂಗಿದಳು: "ಏ, ಈಗ ಹಚ್ಚಿದ್ದು ಒಡೀತೈತಿ ನೋಡ್ರೋ!"